ನೆಲಕ್ಕೆ ಮಲಗಿ ಗಾಲಿ ನೋಡುವ ಪಿಂಕ್ನಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಪೈನಿ ಬ್ರಾಂಚ್ ರೇಸ್ ಪಟ್ಟಿಯ ಆಚೆಗಿನ ಕಡಲೆಕಾಯಿ ಹೊಲದ ಮೇಲೆ ಮಂಜು ಕೂತಿದೆ. ಸ್ಟಾರ್ಟ್ ಗೆರೆಯ ಪಕ್ಕದ ತಡೆಗೋಡೆಯ ಸಂದಿನಲ್ಲಿ ಗೋಣಿಚೀಲ ಹಾಸಿಕೊಂಡು ಆಲ್ವೆಸ್ಟರ್ ಪಿಂಕ್ನಿ ಬೋರಲು ಮಲಗಿದ್ದಾರೆ. ವಯಸ್ಸು ಅರವತ್ತಾರು. ಕಿವಿಗೆ ಹತ್ತಿ, ಕೆನ್ನೆ ಹೆಚ್ಚುಕಡಿಮೆ ನೆಲಕ್ಕೆ. ಎದುರಿಗೆ ಒಂದು ಹಳೆಯ ಮಾಲಿಬು ಕಾರು ಗುಡುಗುತ್ತಿದೆ. ಅದರ ಹಿಂದಿನ ಬಲಗಾಲಿಯ ಟೈರಿಗೂ ರಿಮ್ಮಿಗೂ ಸೇರಿಸಿ ಸೀಮೆಸುಣ್ಣದಲ್ಲಿ ಎಳೆದ ಗೆರೆಯನ್ನು ಅವರು ರೆಪ್ಪೆ ಬಡಿಯದೆ ನೋಡುತ್ತಿದ್ದಾರೆ. ರಿಮ್ಮಿನ ಮೇಲೆ ಟೈರು ಜಾರಿದರೆ ಆ ಗೆರೆ ತುಂಡಾಗುತ್ತದೆ. ಹಸಿರು ದೀಪ ಹತ್ತುತ್ತದೆ, ಕಾರು ಹೊರಟೇ ಹೋಗುತ್ತದೆ. ಪಿಂಕ್ನಿ ಕಾರು ಹೋದ ಕಡೆ ತಿರುಗಿಯೂ ನೋಡುವುದಿಲ್ಲ. ಎದ್ದು ಮಂಡಿ ತಿಕ್ಕಿಕೊಳ್ಳುತ್ತಾರೆ.

ಕಾರು ತಿರುಗಿ ಬಂದಾಗ ಕಿಟಕಿಯಿಂದ ಒಲೀಟಾ ಗ್ರೇಡಿ ತಲೆ ಹೊರಹಾಕುತ್ತಾರೆ. "ಏನಾಯ್ತು ಮಿಸ್ಟರ್ ಪಿಂಕ್?"

"ಏನೂ ಆಗ್ಲಿಲ್ಲ. ನಮಗೆ ಬೇಕಾಗಿರೋದೂ ಅದೇ."

ನಾನು ಈ ದಕ್ಷಿಣ ಜಾರ್ಜಿಯಾಕ್ಕೆ ಬಂದು ನೆಲೆಸಿ ಬಹಳ ಕಾಲವಾಯಿತು. ಶನಿವಾರ ಬಂತೆಂದರೆ ಬೇಲಿಯಾಚೆ ನಿಂತು, ಸುಟ್ಟ ರಬ್ಬರಿನ ಹೊಗೆ ಕುಡಿದು, ಚಪ್ಪಾಳೆ ತಟ್ಟುವವರಲ್ಲಿ ನಾನೂ ಒಬ್ಬ. ನಮಗೆಲ್ಲ ಬೇಕಾದ್ದು ಸದ್ದು ಮತ್ತು ಎದ್ದು ನಿಲ್ಲುವ ಮುಂದಿನ ಗಾಲಿಗಳು. ಎಂಜಿನ್ ಎಷ್ಟೇ ಜೋರಿನದಾಗಲಿ, ಹಿಂದಿನ ಗಾಲಿ ನೆಲ ಕಚ್ಚದಿದ್ದರೆ ಆ ಜೋರೆಲ್ಲ ಹೊಗೆಯಾಗಿ ಹೋಗುತ್ತದೆ. ಕಚ್ಚಿಸುವುದು ಹೇಗೆ, ಯಾವ ಸ್ಪ್ರಿಂಗ್, ಕುಲುಕು ತಡೆಯುವ ಯಾವ ಶಾಕ್, ಕೀಲುಗಳಿಗೆ ಯಾವ ಬುಷ್ ಎಂದು ಆರಿಸಿಕೊಡುವುದು ಪಿಂಕ್ನಿಯವರ ಕೆಲಸ. ಜಿಲ್ಲೆಯ ಶಾಲಾ ಬಸ್ಸುಗಳ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಈಗ ಮನೆ ಹಿಂದಿನ ತಗಡಿನ ಶೆಡ್ಡೇ ಅವರ ಕಚೇರಿ.

ಈ ಕಲೆ ಕಲಿತ ಕಥೆಯನ್ನು ಅವರು ನಗುತ್ತಲೇ ಹೇಳುತ್ತಾರೆ. "ಚಿಕ್ಕವನಿದ್ದಾಗ ಒಳಗೆ ಬಿಡ್ತಿರ್ಲಿಲ್ಲ. ಬೇಲಿ ಹಲಗೆ ಕೆಳಗೆ ಒಂದು ಗೇಣು ಸಂದು ಇತ್ತು. ಮಲಗಿ ನೋಡ್ತಿದ್ದೆ. ಅಲ್ಲಿಂದ ಕಾರೆಲ್ಲಿ ಕಾಣುತ್ತೆ, ಬರೀ ಗಾಲಿ ಕಾಣ್ತಿತ್ತು. ಯಾರು ಗೆದ್ರು ಅಂತ ಗಾಲಿ ನೋಡೇ ಹೇಳ್ತಿದ್ದೆ. ದೊಡ್ಡವನಾದ ಮೇಲೆ ನಿಂತು ನೋಡಿದೆ. ಏನೂ ತಿಳೀಲಿಲ್ಲ. ಮತ್ತೆ ಮಲಗಿಬಿಟ್ಟೆ." ಇಂದಿಗೂ ಯಾರಾದರೂ ಕಾರು ತಂದರೆ ಅವರು ಮೊದಲು ಮಾಡುವುದು ಇಷ್ಟೇ, ಒಂದು ಸಲ ಓಡಿಸಲು ಹೇಳಿ ತಾವು ಮಲಗುವುದು. ಅದಾಗುವ ತನಕ ಯಾವ ಸಾಮಾನೂ ಕೊಳ್ಳಬಾರದು ಎಂದು ಅವರ ಕಟ್ಟಪ್ಪಣೆ.

ಒಲೀಟಾ ಆ ಅಪ್ಪಣೆ ಕೇಳುವ ಮೊದಲೇ ಎಲ್ಲ ಕೊಂಡಾಗಿತ್ತು. ಅವರು ಶಾಲೆಯೊಂದರ ಅಡುಗೆಮನೆಯ ಮೇಲ್ವಿಚಾರಕಿ. ಇಲ್ಲಿಯ ರೇಸೆಂದರೆ ಎರಡೆರಡೇ ಕಾರುಗಳ ನೇರ ಓಟ; ನಿಮ್ಮ ಕಾರು ಎಷ್ಟು ಹೊತ್ತಿನಲ್ಲಿ ಪಟ್ಟಿ ಮುಗಿಸುತ್ತದೆ ಎಂದು ನೀವೇ ಬಿಳಿ ಶೂ ಪಾಲಿಶಿನಲ್ಲಿ ಗಾಜಿನ ಮೇಲೆ ಬರೆಯಬೇಕು. ಇಬ್ಬರೂ ಬರೆದದ್ದರ ನಡುವೆ ಎಷ್ಟು ವ್ಯತ್ಯಾಸವೋ, ನಿಧಾನದ ಕಾರಿಗೆ ಅಷ್ಟು ಮೊದಲು ಹಸಿರು ಸಿಗುತ್ತದೆ. ಬರೆದದ್ದಕ್ಕಿಂತ ಬೇಗ ಓಡಿದರೂ ಸೋತಂತೆಯೇ. ಹಾಗಾಗಿ ಗೆಲ್ಲುವುದು ಪ್ರತಿ ಸಲವೂ ಒಂದೇ ತರಹ ಓಡುವ ಕಾರು. ಒಲೀಟಾ ಮಾತ್ರ, ಬೇಲಿಯ ಬಳಿ ತೆಗೆಯುವ ಫೋಟೋದಲ್ಲಿ ಮುಂದಿನ ಗಾಲಿ ಗಾಳಿಯಲ್ಲಿರಬೇಕೆಂಬ ಆಸೆಗೆ, ಬಿಡಿಭಾಗ ಮಾರುವವರ ಪುಸ್ತಕದಲ್ಲಿ ಕಂಡದ್ದನ್ನೆಲ್ಲ ತರಿಸಿ ಒಂದೇ ದಿನ ಜಡಿದುಬಿಟ್ಟಿದ್ದರು. ಆಕ್ಸಲಿನ ಮೇಲೆ ಎತ್ತರದ ಬ್ರಾಕೆಟ್ಟು, ಆಕ್ಸಲನ್ನು ಹಿಡಿದಿಡುವ ನಾಲ್ಕೂ ಆರ್ಮುಗಳಿಗೆ ಕಲ್ಲಿನಂಥ ಬುಷ್ಷು, ಸಡಿಲ ಶಾಕು. ಕಾರು ನೆಗೆಯಿತು, ಫೋಟೋ ಚೆನ್ನಾಗಿ ಬಂತು. ಓಟ ಮಾತ್ರ ಒಂದರಂತೆ ಒಂದಿಲ್ಲ.

"ಗಾಲಿಗೆ ಗುದ್ದಿದ ಹಾಗೆ ಆಗ್ತಿತ್ತು," ಪಿಂಕ್ನಿ ವಿವರಿಸುತ್ತಾರೆ. "ಗುದ್ದಿದ ತಕ್ಷಣ ಕಚ್ಚುತ್ತೆ, ಆಮೇಲೆ ಬಿಟ್ಟುಬಿಡುತ್ತೆ. ಗಾಲಿಯನ್ನ ಒತ್ತಿ ಹಿಡೀಬೇಕು. ನಾನು ಹೊಸದು ಹಾಕಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ." ಬ್ರಾಕೆಟ್ಟು ಇಳಿಸಿ ಆರ್ಮುಗಳನ್ನು ಮೊದಲಿನ ಜಾಗಕ್ಕೇ ಕಟ್ಟಿದರು. ಮೇಲಿನ ಆರ್ಮುಗಳಿಗೆ ಮಾಮೂಲಿ ರಬ್ಬರ್ ಬುಷ್ ವಾಪಸು ಬಂತು. ಕಾರು ಬಲಕ್ಕೆ ಎಳೆಯುತ್ತಿದ್ದುದಕ್ಕೆ ಬಲಗಡೆಯ ಸ್ಪ್ರಿಂಗಿನೊಳಗೆ ಒಂದು ಗಾಳಿಚೀಲ. ಹೊಸದಾಗಿ ಕೊಳ್ಳಿಸಿದ್ದು ಬಿಗಿ ಹೊಂದಿಸಬಹುದಾದ ಒಂದು ಜೊತೆ ಶಾಕ್. ಅದೂ ಒಂದು ವಾರಕ್ಕೆ ಒಂದೇ ಬದಲಾವಣೆ.

ಇವತ್ತು ಋತುವಿನ ಕೊನೆಯ ರೇಸು. ರಾಜ್ಯಗಳ ನಡುವಿನ ಪಂದ್ಯಕ್ಕೆ ಪೈನಿ ಬ್ರಾಂಚ್ ಕಳಿಸುವ ತಂಡದಲ್ಲಿ ಉಳಿದಿರುವುದು ಒಂದೇ ಜಾಗ. ಕೊನೆಗೆ ಉಳಿದಿರುವ ಇಬ್ಬರೆಂದರೆ ಒಲೀಟಾ ಮತ್ತು ಡೇಲ್ ಹಚಿನ್ಸ್. ಒಲೀಟಾ ಮದುವೆಗೂ ಮೊದಲಿನಿಂದ ಓಡಿಸುತ್ತಿದ್ದಾರೆ, ಒಮ್ಮೆಯೂ ತಂಡ ಸೇರಿಲ್ಲ.

ಮಧ್ಯಾಹ್ನ ಬಿಸಿಲೇರಿ ಪಟ್ಟಿ ಜಾರತೊಡಗುತ್ತದೆ. ಕೊನೆಯ ತಾಲೀಮಿನಲ್ಲಿ ಮಾಲಿಬು ತುಸು ತಡವರಿಸುತ್ತದೆ. ಪಕ್ಕದ ಡೇರೆಯಿಂದ ಡೇಲ್ ಛೇಡಿಸುತ್ತಾನೆ, "ಏನು ಒಲೀಟಾ ಮೇಡಂ, ಕಾರು ಚರ್ಚಿಗೆ ಹೊರಟ ಹಾಗಿದೆ. ಮುಂದಿನ ಗಾಲಿ ಏಳೋದೇ ಇಲ್ವಲ್ಲ."

"ಚರ್ಚಿಗೆ ಪ್ರತಿ ಭಾನುವಾರ ಅದೇ ಹೊತ್ತಿಗೆ ಮುಟ್ತಾರೆ ಡೇಲ್," ಎನ್ನುತ್ತಾರೆ ಪಿಂಕ್ನಿ. "ನೀನು ಹೋಗಿದ್ರೆ ತಾನೆ ಗೊತ್ತಾಗೋದು."

ಎಲ್ಲರೂ ನಗುತ್ತಾರೆ, ಒಲೀಟಾ ನಗುವುದಿಲ್ಲ. ಡಬ್ಬಿಯಿಂದ ಆ ಬ್ರಾಕೆಟ್ಟುಗಳನ್ನು ತೆಗೆದು ಕೈಯಲ್ಲಿ ಹಿಡಿದಿದ್ದಾರೆ. "ಬಿಸಿಲಿಗೆ ಜಾರ್ತಿದೆ. ಇದನ್ನ ಮತ್ತೆ ಹಾಕೋಣ ಅನ್ಸುತ್ತೆ."

"ನಿನ್ನ ಕಾರು, ನಿನ್ನ ಇಷ್ಟ. ಸ್ಪ್ಯಾನರ್ ಅಲ್ಲೇ ಇದೆ."

"ಸಿಟ್ಟು ಮಾಡ್ಕೋಬೇಡಿ."

"ಸಿಟ್ಟಲ್ಲ ಒಲೀಟಾ. ಈಗ ತಾನೆ ಮಲಗಿ ನೋಡಿದೆ. ಗಾಲಿ ಕಚ್ತಾ ಇದೆ, ಕಚ್ಚಿದ್ಮೇಲೆ ಕಾರಿನ ಮೈ ಬೇಗ ಎದ್ದುಬಿಡ್ತಿದೆ. ಶಾಕ್ ಒಂದು ಕ್ಲಿಕ್ ಬಿಗಿ ಮಾಡಿದ್ರೆ ನಿಧಾನ ಏಳುತ್ತೆ. ಅಷ್ಟೇ ಬೇಕಾಗಿರೋದು. ಬ್ರಾಕೆಟ್ ಹಾಕಿದ್ರೆ ಮತ್ತೆ ಅದೇ ಗುದ್ದಾಟ."

ಒಲೀಟಾ ಬ್ರಾಕೆಟ್ಟುಗಳನ್ನು ಡಬ್ಬಿಗೆ ಹಾಕಿ ಮುಚ್ಚುತ್ತಾರೆ. ಪಿಂಕ್ನಿ ಎರಡೂ ಶಾಕಿನ ಗುಂಡಿಯನ್ನು ಒಂದೊಂದು ಕ್ಲಿಕ್ ತಿರುಗಿಸಿ, ಬೇಯಿಸಿದ ಕಡಲೆಕಾಯಿ ತರಲು ಅಂಗಡಿಯ ಕಡೆ ಹೊರಡುತ್ತಾರೆ. ನಾನೂ ಜೊತೆಗೆ ಹೋಗುತ್ತೇನೆ. ಅಷ್ಟರಲ್ಲಿ ಮೈಕಿನಲ್ಲಿ ಇನ್ನೊಂದು ವರ್ಗದ ವಿಜೇತನ ಹೆಸರು, ಎಂಜಿನ್ ಕಟ್ಟಿದವನ ಹೆಸರು, ಟೈರ್ ಅಂಗಡಿಯ ಹೆಸರು ಎಲ್ಲ ಬರುತ್ತದೆ. ಆ ಕಾರಿನ ಹಿಂಬದಿಯೂ ಪಿಂಕ್ನಿಯವರದೇ ಕೈಕೆಲಸ ಎಂದು ನನಗೆ ಗೊತ್ತು. ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ.

"ಆಗುತ್ತೆ. ಇಲ್ಲ ಅಂದ್ರೆ ಸುಳ್ಳು. ಎಂಜಿನ್ನು ಎಲ್ರಿಗೂ ಕೇಳಿಸುತ್ತೆ. ನನ್ನ ಕೆಲಸ ಸರಿಯಾದ್ರೆ ಏನೂ ಕಾಣೋದೇ ಇಲ್ಲ." ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡು ಮಾತು ಬದಲಿಸುತ್ತಾರೆ.

ಒಲೀಟಾ ಗಾಜಿನ ಮೇಲೆ ಬರೆದಿರುವುದು ಆರು ಪಾಯಿಂಟ್ ಎಂಬತ್ತು ಸೆಕೆಂಡು. ಡೇಲ್ ಕಾರು ಜೋರಿನದು, ಆಮೇಲೆ ಹೊರಡುತ್ತದೆ. ಹಸಿರು ಬೀಳುತ್ತಿದ್ದಂತೆ ಮಾಲಿಬು ಮೈ ಕೊಡವದೆ, ಹೊಗೆಯಿಲ್ಲದೆ ಹೊರಡುತ್ತದೆ. ಪಿಂಕ್ನಿ ಗೋಣಿಚೀಲದ ಮೇಲೆ ಮಲಗಿ ಗಾಲಿ ನೋಡುತ್ತಿದ್ದಾರೆ. ನಾನು ಮಾತ್ರ ಸಮಯ ತೋರಿಸುವ ಫಲಕ ನೋಡುತ್ತಿದ್ದೇನೆ. ಆರು ಎಂಬತ್ತೊಂದು. ಡೇಲ್ ಅಟ್ಟಿಸಿಕೊಂಡು ಬಂದರೂ ಅರ್ಧ ಕಾರಿನಷ್ಟು ಹಿಂದೆ. ನಾನು ಕುಣಿದೇಬಿಟ್ಟೆ, ನಾಚಿಕೆಯೇನಿಲ್ಲ.

ಅಪ್ಪಿಕೊಳ್ಳುವವರ ನಡುವಿನಿಂದ ಒಲೀಟಾ ಕಾರನ್ನು ಡೇರೆಗೆ ತಂದು ನಿಲ್ಲಿಸುತ್ತಾರೆ. ಕಣ್ಣು ಒದ್ದೆ. ಇಳಿದವರೇ ಹುಬ್ಬು ಗಂಟಿಕ್ಕುತ್ತಾರೆ. "ಮಿಸ್ಟರ್ ಪಿಂಕ್, ಹಿಂದೆ ಏನೋ ಸದ್ದು ಬರ್ತಿದೆ. ನೋಡಿ."

"ಯಾವ ಸದ್ದೂ ಇಲ್ಲ. ನಾನು ಕೇಳಿಲ್ವಾ?"

"ನೋಡಿ ಅಂದೆ."

ಕಾರು ಜಾಕಿನ ಮೇಲೇರುತ್ತದೆ. ಪಿಂಕ್ನಿ ಗೊಣಗುತ್ತ ಟಾರ್ಚು ಹಿಡಿದು ಅಂಗಾತ ಒಳಗೆ ಸರಿಯುತ್ತಾರೆ. ಬೂಟು ಮಾತ್ರ ಹೊರಗೆ. ಬಹಳ ಹೊತ್ತಾದರೂ ಅದು ಅಲುಗುವುದಿಲ್ಲ. ನಾನೂ ಬಗ್ಗಿ ನೋಡುತ್ತೇನೆ. ಆಕ್ಸಲಿನ ತಳಭಾಗದಲ್ಲಿ, ಶೂ ಪಾಲಿಶಿನ ಬಿಳಿ ಅಕ್ಷರಗಳು: ಇಲ್ಲಿರುವುದೆಲ್ಲ ಆಲ್ವೆಸ್ಟರ್ ಪಿಂಕ್ನಿಯವರು ಆರಿಸಿದ್ದು.

"ಯಾವಾಗ ಬರ್ದೆ ಇದನ್ನ?" ಕೆಳಗಿನಿಂದ ದನಿ ಬರುತ್ತದೆ.

"ನೀವು ಕಡಲೆಕಾಯಿಗೆ ಹೋದಾಗ. ರೇಸಿಗೆ ಮೊದ್ಲು."

ಆಮೇಲೆ ಪಿಂಕ್ನಿ ಹೊರಬಂದು, ಗೋಣಿಚೀಲ ಕೊಡವಿ, ಕನ್ನಡಕ ಒರೆಸಿಕೊಳ್ಳುತ್ತಾರೆ. ಪಾಲಿಶ್ ಒಂದು ಮಳೆಗೆ ತೊಳೆದು ಹೋಗುತ್ತದೆ, ಪಂದ್ಯಕ್ಕೆ ಮೊದಲು ಬಾಗಿಲ ಮೇಲೆ ದೊಡ್ಡದಾಗಿ ಪೇಂಟಿನಲ್ಲಿ ಬರೆಸುತ್ತೇನೆ ಎನ್ನುತ್ತಾರೆ ಒಲೀಟಾ.

"ಪೇಂಟಲ್ಲೇ ಬರ್ಸು. ಆದ್ರೆ ಬಾಗಿಲ ಮೇಲೆ ಬೇಡ, ಅಲ್ಲೇ ಇರ್ಲಿ," ಎನ್ನುತ್ತಾರೆ ಅವರು. "ಅದನ್ನ ಓದ್ಬೇಕು ಅಂದ್ರೆ ನೆಲಕ್ಕೆ ಮಲಗ್ಬೇಕು. ಹಾಗೆ ಮಲಗಿ ನೋಡೋವ್ನು ಒಬ್ಬ ಬಂದ್ರೂ ಸಾಕು, ಅವ್ನಿಗೆ ನನ್ನ ಹೆಸರು ಗೊತ್ತಾಗ್ಲಿ."