ಬಿಂಬುಳಿ ಗಿಡದ ಬುಡದಲ್ಲಿ ಎರಡು ಬೆರಳು

ಮೊನ್ನೆ ಗುರುವಾರ ಸಂಜೆ ಕೆಲಸ ಮುಗಿಸಿ ತಿರುವನಂತಪುರದ ತುಂಬಾ ಎಂಬಲ್ಲಿರುವ ನಮ್ಮ ಕ್ವಾರ್ಟರ್ಸಿನ ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನ ಮಹಡಿಯಿಂದ ಒಂದು ವಾಸನೆ ಇಳಿದು ಬಂತು. ಅಕ್ಕಿ, ಉದ್ದು, ತೆಂಗಿನಕಾಯಿ, ಜೀರಿಗೆ, ಸಣ್ಣ ಈರುಳ್ಳಿ ಎಲ್ಲ ಸೇರಿ ಹಬೆಯಲ್ಲಿ ಬೇಯುವ ವಾಸನೆ. ಹುದುಗು ಬರಿಸದೆ ಮಾಡುವ ಪೆಸಹಾ ಅಪ್ಪ ಅದು. ಏಸು ಶಿಷ್ಯರ ಜೊತೆ ಕೊನೆಯ ಊಟ ಮಾಡಿದ ದಿನದ ನೆನಪಿಗೆ ಕೇರಳದ ಕ್ರೈಸ್ತರ ಮನೆಗಳಲ್ಲಿ ವರ್ಷಕ್ಕೊಮ್ಮೆ ಬೇಯುತ್ತದೆ. ತೆಂಗಿನ ಗರಿಯ ಶಿಲುಬೆ ಇಟ್ಟು ಬೇಯಿಸಿದ್ದನ್ನು ಮನೆಯವರೇ ಮುರಿದು ತಿನ್ನುತ್ತಾರೆ. ಶಿಲುಬೆಯಿಲ್ಲದ್ದು ನಮ್ಮಂಥ ನೆರೆಯವರಿಗೆ ಬರುತ್ತದೆ. ನಾನು ಬೂಟು ಬಿಚ್ಚುವಷ್ಟರಲ್ಲಿ ಮೇಲಿನ ಮನೆಯ ಜೆಸ್ಸಿ ಟೀಚರ್ ಸ್ಟೀಲ್ ಡಬ್ಬಿಯೊಂದಿಗೆ ಬಾಗಿಲಲ್ಲಿದ್ದರು.

ಒಂದು ತುಂಡು ಬಾಯಿಗಿಟ್ಟೆ. ಹೆಂಡತಿ ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟಳು. ಇನ್ನು ಏನು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಲಗ್ನ ಆದಾಗಿಂದ ಅದೊಂದ ಕತಿ ಹೇಳ್ಕೋತ ಬಂದೀರಿ" ಅಂದಳು. "ಪ್ರತಿ ಸಲ ಆ ಎಲುಬಿನ ಉದ್ದ ಬ್ಯಾರೆ ಇರತೈತಿ. ಒಮ್ಮೆ ಬೆಂಕಿಕಡ್ಡಿಯಷ್ಟು, ಒಮ್ಮೆ ಪೆನ್ಸಿಲಿನಷ್ಟು. ಆ ಅಮ್ಮಚ್ಚಿ ಇನ್ನೂ ಅದಾರೋ ಇಲ್ಲೋ, ಒಮ್ಮೆ ಹೋಗಿ ಕೇಳಿ ಬರ್ರೆಲ್ಲ."

ಆ ಕಥೆ ಇದು. ನಿಮಗೂ ಹೇಳಿಬಿಡುತ್ತೇನೆ, ಎಲುಬಿನ ಉದ್ದವನ್ನು ಮಾತ್ರ ನೀವೇ ಅಂದಾಜು ಮಾಡಿಕೊಳ್ಳಿ.

ಭೌತಶಾಸ್ತ್ರದ ಎಂ.ಎಸ್ಸಿ. ಓದಲು ಧಾರವಾಡದಿಂದ ಕೊಚ್ಚಿಗೆ ಹೋದವನು ನಾನು. ಕಳಮಶ್ಶೇರಿಯಲ್ಲಿ ವಿಶ್ವವಿದ್ಯಾಲಯದ ಹತ್ತಿರ ಏಲಿಯಮ್ಮ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಹುಡುಗರೆಲ್ಲ ಅವರನ್ನು ಅಮ್ಮಚ್ಚಿ ಎನ್ನುತ್ತಿದ್ದರು. ಅವರಿಗೆ ಮಲಯಾಳ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಆದರೆ ನನ್ನ ನೆನಪಿನಲ್ಲಿ ಅವರು ಅಚ್ಚ ಧಾರವಾಡದ ಕನ್ನಡದಲ್ಲಿ ಬೈಯುತ್ತಾರೆ. ಇದು ಹೇಗಾಯಿತೋ ತಿಳಿಯದು. ನೆನಪು ಎಂಬುದು ಎಂಥ ಸಾಕ್ಷಿ ಎಂದು ಇದರಿಂದಲೇ ನೀವು ಲೆಕ್ಕ ಹಾಕಬಹುದು. ಅವರ ಮಾತನ್ನು ನನಗೆ ಕೇಳಿಸಿದ ಹಾಗೆಯೇ ಬರೆಯುತ್ತೇನೆ; ಮಗನೇ ಎನ್ನುವ ಅವರ ಮೋನೇ ಮಲಯಾಳದಲ್ಲೇ ಉಳಿದಿದೆ.

ಅಮ್ಮಚ್ಚಿಯ ಗಂಡ ಪೈಲಿ ಚೇಟ್ಟನ್, ನಮ್ಮಲ್ಲಿ ಪೈಲಿ ಅಣ್ಣ ಎಂದ ಹಾಗೆ, ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದವರು. ನಾನು ಆ ಮನೆಗೆ ಹೋಗುವ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. ಅವರನ್ನು ನಾನು ನೋಡಿಯೇ ಇಲ್ಲ. ಆದರೂ ಅವರ ಬಲಗೈ ನನಗೆ ಸ್ಪಷ್ಟವಾಗಿ ನೆನಪಿದೆ: ತೋರುಬೆರಳು, ನಡುಬೆರಳು ಇಲ್ಲದ, ಎಣ್ಣೆ ಕಲೆಯ ಅಗಲ ಕೈ. ಮದುವೆಯಾದ ಹೊಸದರಲ್ಲಿ ಆ ಎರಡು ಬೆರಳುಗಳನ್ನು ಯಂತ್ರ ಕತ್ತರಿಸಿತ್ತಂತೆ. ಆಸ್ಪತ್ರೆಯಲ್ಲಿ ಹೊಲಿಯಲಾಗದು ಎಂದರಂತೆ. ಪೈಲಿ ಚೇಟ್ಟನ್ ಅವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ತಂದು ಹಿತ್ತಲಿನ ಗಿಡವೊಂದರ ಬುಡದಲ್ಲಿ ತಾವೇ ಹೂತರಂತೆ. "ಇಬ್ಬರು ಮುಂದ ಹೋಗ್ಯಾರ, ಉಳಿದಾವ್ರು ಹಿಂದಿಂದ ಬರ್ತೀವಿ" ಎಂದು ನಕ್ಕರಂತೆ. ಅಮ್ಮಚ್ಚಿ ಇದನ್ನು ಎಲ್ಲ ಹೊಸ ಹುಡುಗರಿಗೂ ಹೇಳುತ್ತಿದ್ದರು, ಮನೆಯ ನಿಯಮಗಳನ್ನು ಹೇಳಿದ ಮೇಲೆ.

ಕಾಂಡಕ್ಕೇ ಗೊಂಚಲು ಗೊಂಚಲಾಗಿ ಹಸಿರು ಕಾಯಿ ಅಂಟಿಕೊಳ್ಳುವ ಹುಳಿ ಗಿಡ ಅದು. ಧಾರವಾಡದ ಕಡೆ ನಾನು ಅದನ್ನು ಕಂಡಿರಲಿಲ್ಲ. ಅದರ ಹೆಸರು ಬಿಂಬುಳಿ ಎಂದು ಹೇಳಿಕೊಟ್ಟವನು ಮಂಗಳೂರಿನ ಸಹಪಾಠಿ. ಅಮ್ಮಚ್ಚಿ ಅದರ ಕಾಯಿಯಿಂದ ಉಪ್ಪಿನಕಾಯಿ ಹಾಕುತ್ತಿದ್ದರು. ಈಸ್ಟರಿಗೆ ಮುಂಚಿನ ಐವತ್ತು ದಿನದ ಉಪವಾಸದ ಕಾಲದಲ್ಲಿ, ಮೀನು ಮಾಂಸ ಮೊಟ್ಟೆ ಹಾಲು ಯಾವುದೂ ಇಲ್ಲದ ಆ ಮನೆಯಲ್ಲಿ, ನಮ್ಮ ನಾಲಗೆಯನ್ನು ಕಾಪಾಡಿದ್ದು ಆ ಜಾಡಿ.

ನನ್ನ ಎರಡನೆಯ ವರ್ಷ, ಈಸ್ಟರಿಗೆ ಒಂದು ವಾರ ಮೊದಲಿನ ಗರಿ ಭಾನುವಾರ, ಅಮ್ಮಚ್ಚಿ ಚರ್ಚಿನಿಂದ ಬೇರೆಯೇ ಮುಖ ಹೊತ್ತು ಬಂದರು. ಅಲ್ಲಿಯ ಚರ್ಚುಗಳ ಸ್ಮಶಾನಗಳಲ್ಲಿ ಜಾಗ ಕಡಿಮೆ. ಕುಟುಂಬದ ಕಲ್ಲು ಗೋರಿ ಇಲ್ಲದವರ ಗುಂಡಿಯನ್ನು ಕೆಲವು ವರ್ಷಗಳ ನಂತರ ತೆರೆದು, ಉಳಿದ ಎಲುಬುಗಳನ್ನು ಮೂಲೆಯಲ್ಲಿರುವ ಅಸ್ಥಿಬಾವಿಗೆ ಹಾಕಿ, ಜಾಗವನ್ನು ಮುಂದಿನವರಿಗೆ ಕೊಡುತ್ತಾರೆ. ಈಸ್ಟರ್ ಮುಗಿದ ವಾರ ಪೈಲಿ ಚೇಟ್ಟನ ಸರದಿ ಎಂದು ಪಾದ್ರಿ ಹೇಳಿ ಕಳಿಸಿದ್ದರು. ಬಾವಿಗೆ ಬಿದ್ದ ಮೇಲೆ ಯಾರ ಎಲುಬು ಯಾರದೆಂದು ಹೇಳುವಂತಿಲ್ಲ.

ಇಷ್ಟು ತಿಳಿದೂ ಶುಕ್ರವಾರ ನಾನು ಆ ಮಾತಾಡಿದೆ. ಏಸುವನ್ನು ಶಿಲುಬೆಗೇರಿಸಿದ ದಿನ. ಮನೆಯಲ್ಲಿ ಗಂಜಿ ಮತ್ತು ಹೆಸರುಕಾಳು ಮಾತ್ರ. ಪುನರುತ್ಥಾನದ ಮಾತು ಬಂತು. ಕಡೆಯ ದಿನ ಸತ್ತವರೆಲ್ಲ ದೇಹ ಸಮೇತ ಎದ್ದು ಬರುತ್ತಾರೆ ಎಂದು ಅಮ್ಮಚ್ಚಿ ನಾಳೆ ಬಸ್ಸು ಬರುತ್ತದೆ ಎಂಬಷ್ಟು ಸಹಜವಾಗಿ ಅಂದರು. ನನಗೆ ಆಗ ಇಪ್ಪತ್ತೆರಡು. ಪರಮಾಣುಗಳ ಬಗ್ಗೆ ಓದಿದ್ದೆಲ್ಲ ತುಟಿಯ ತುದಿಯಲ್ಲೇ ಇತ್ತು.

"ಅಮ್ಮಚ್ಚಿ, ಬೆರಳು ಮಣ್ಣಾಯಿತು. ಮಣ್ಣಿನ ಸಾರ ಗಿಡ ಹೀರಿತು. ಗಿಡದ ಕಾಯಿಯನ್ನು ನೀವು ಉಪ್ಪಿನಕಾಯಿ ಹಾಕಿದಿರಿ. ಅದನ್ನು ನಾನು ತಿಂದೆ. ಈಗ ಪೈಲಿ ಚೇಟ್ಟನ ಬೆರಳು ನನ್ನ ಮೈಯಲ್ಲಿದೆ. ಕಡೆಯ ದಿನ ಅದು ಯಾರ ಪಾಲು?"

ಉಳಿದ ಹುಡುಗರು ನಕ್ಕರು. ಅಮ್ಮಚ್ಚಿ ಸೌಟು ಕೆಳಗಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಂದು, ಮೇಜಿನ ಮೇಲಿದ್ದ ಉಪ್ಪಿನಕಾಯಿ ಜಾಡಿಯನ್ನು ಎತ್ತಿಕೊಂಡು ಹೋದರು. ಅದು ಮತ್ತೆ ಮೇಜಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ನನ್ನ ಕೋಣೆಯ ಬಾಗಿಲಲ್ಲಿ ಗುದ್ದಲಿ ಹಿಡಿದು ನಿಂತಿದ್ದರು.

"ಏಳೋ ಮೋನೇ. ಪುಸ್ತಕ ಓದಿದ್ದು ಸಾಕು. ಬಾ, ಅಗಿ."

"ಏನನ್ನು ಅಮ್ಮಚ್ಚಿ?"

"ಬೆರಳು. ನಮ್ಮವರನ್ನ ಬಾವಿಗೆ ಹಾಕೂಮುಂದ ಇಡೀ ಮನುಷ್ಯಾನ್ನ ಹಾಕಬೇಕು. ಅರ್ಧ ಅಲ್ಲೆ, ಅರ್ಧ ಇಲ್ಲೆ ಇದ್ರ ಹೆಂಗ?"

ಅಷ್ಟು ವರ್ಷ ಆ ಕೊಚ್ಚಿಯ ಮಳೆ ನೆನೆದ ಮಣ್ಣಿನಲ್ಲಿ ಏನೂ ಉಳಿದಿರುವುದಿಲ್ಲ ಎಂದು ಹೇಳಬೇಕಿತ್ತು. ಹಿಂದಿನ ದಿನ ಅಷ್ಟು ಹೇಳಿದವನು ನಾನು. ಪಂಚೆ ಮೇಲೆ ಕಟ್ಟಿ ಅಗೆದೆ. ಅಮ್ಮಚ್ಚಿ ತಿರುವಿ ಹಾಕಿದ ಬಕೆಟ್ಟಿನ ಮೇಲೆ ಕುಳಿತು ಜಪಮಣಿ ಎಣಿಸುತ್ತಾ, ನಡುನಡುವೆ "ಅಲ್ಲೆ ಬ್ಯಾಡ, ಬೇರು ಐತಿ", "ಊಟಾ ಮಾಡಿಲ್ಲೇನ ನೀ?" ಎಂದು ಗದರುತ್ತಿದ್ದರು. ಮಧ್ಯಾಹ್ನದ ತನಕ ಮಣ್ಣು, ಹೆಂಚಿನ ಚೂರು, ಒಂದು ಕುಡುಗೋಲಿನ ಹಿಡಿ, ಮತ್ತೆ ಮಣ್ಣು.

ಆಮೇಲೆ ಅದು ಸಿಕ್ಕಿತು. ತೆಳ್ಳಗಿನ ಒಂದು ಎಲುಬು. ಕೈಯಲ್ಲಿ ಹಿಡಿದಾಗ ಬಹಳ ಹಗುರ. ಮುರಿದ ತುದಿಯಲ್ಲಿ ಒಳಗೆ ಟೊಳ್ಳು ಕಾಣುತ್ತಿತ್ತು. ಹಕ್ಕಿಗಳ ಎಲುಬು ಟೊಳ್ಳು ಎಂದು ಶಾಲೆಯಲ್ಲೇ ಓದಿದ್ದೆ.

"ಇದ ಏನು?" ಎಂದು ಅಮ್ಮಚ್ಚಿ ಕೇಳಿದರು. ಅವರು ಬಕೆಟ್ಟಿನಿಂದ ಎದ್ದು ನಿಂತಿದ್ದರು.

"ಇದೇ" ಎಂದೆ.

ಅವರು ಸೆರಗಿನಲ್ಲಿ ಅದನ್ನು ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ದೇವರ ಪಟದ ಮುಂದಿಟ್ಟರು. ಮರುದಿನ ಈಸ್ಟರ್, ಗೋರಿಯ ಬಾಯಿಗಿಟ್ಟ ಕಲ್ಲು ಸರಿದು ಏಸು ಎದ್ದು ಬಂದ ದಿನ. ಬೆಳಿಗ್ಗೆ ಅಂಚು ತೆಳ್ಳಗಿನ ಪಾಲಪ್ಪ, ಮಟನ್ ಸ್ಟ್ಯೂ. ನನ್ನ ತಟ್ಟೆಗೆ ಎರಡು ಸಲ ಬಡಿಸಿದರು. ಆ ಪ್ರೀತಿ ತಡೆಯಲಾಗದೆ ನಾನು ಕೇಳಿದೆ, ಸತ್ತವರು ಏಳುವುದನ್ನು ನಿಜವಾಗಿಯೂ ನಂಬುತ್ತೀರಾ ಎಂದು.

"ನನಗ ಒಂದ್ ಸಲ ಆಗೇತಲ್ಲೋ" ಅಂದರು. "ಅವರು ಹೋದ ಮ್ಯಾಲೆ ಮೂರು ತಿಂಗಳು ನಾ ಒಲಿ ಹಚ್ಚಿರಲಿಲ್ಲ. ಆಜೂಬಾಜೂದವರು ತಂದಿಟ್ಟದ್ದನ್ನ ತಿನ್ನೂದು, ಮಲಗೂದು. ಒಂದಿನ ಯಾವನೋ ಹುಡುಗ ಬಾಗಿಲಿಗೆ ಬಂದ, ರೂಮ್ ಐತೇನು ಅಂತ. ಮಳಿಯಾಗ ತೊಯ್ದಿದ್ದ. ಚಾ ಕುಡೀತಿಯೇನಪ್ಪಾ ಅಂತ ಬಾಯಿಗೆ ಬಂತು. ಅಂದ ಮ್ಯಾಲೆ ಮಾಡಬೇಕಲ್ಲ? ಎದ್ದೆ. ಕಲ್ಲು ಸರಿಸೂದು ಏನು ಕಡಿಮಿ ಕೆಲಸೇನು?"

ಆ ವಾರವೇ ರಜೆಗೆಂದು ಧಾರವಾಡಕ್ಕೆ ಹೊರಟೆ. ಅಸ್ಥಿಬಾವಿಯ ಕೆಲಸಕ್ಕೆ ನಾನಿರಲಿಲ್ಲ. ತಿರುಗಿ ಬಂದವನು ಹಾಸ್ಟೆಲಿಗೆ ಸೇರಿಕೊಂಡೆ. ಗೆಳೆಯನನ್ನು ಕಳಿಸಿ ಟ್ರಂಕು ತರಿಸಿಕೊಂಡೆ. ಮೊದಲು ಆಕೆಯ ನಂಬಿಕೆಯನ್ನು ಒಂದು ಮಾತಿನಲ್ಲಿ ಒಡೆದೆ, ಆಮೇಲೆ ಒಂದು ಸುಳ್ಳಿನಿಂದ ತೇಪೆ ಹಾಕಿದೆ. ಯಾವ ಮುಖ ಹೊತ್ತು ಆ ಮನೆಯ ಅಂಗಳಕ್ಕೆ ಹೋಗಲಿ? ಮುಂದೆ ತಿರುವನಂತಪುರದಲ್ಲಿ ಕೆಲಸ, ಮದುವೆ, ಮಗಳು. ಏಳು ವರ್ಷ.

ಹೆಂಡತಿಯ ಮಾತಿಗೆ ಕಟ್ಟುಬಿದ್ದು ಶನಿವಾರ ಮುಂಜಾನೆ ಐದು ವರ್ಷದ ಮಗಳನ್ನು ಕರೆದುಕೊಂಡು ಎರ್ನಾಕುಲಂ ರೈಲು ಹತ್ತಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳದಲ್ಲಿ. ಕಳಮಶ್ಶೇರಿಯ ಆ ಗೇಟು ಇನ್ನೂ ಹಾಗೆಯೇ ಕಿರುಗುಟ್ಟಿತು. ಅಂಗಳದಲ್ಲಿ ನಾಲ್ಕು ಕಾಲೇಜು ಹುಡುಗಿಯರು ಬಟ್ಟೆ ಒಣಹಾಕುತ್ತಿದ್ದರು. ಅಮ್ಮಚ್ಚಿ ಮರುದಿನದ ಅಪ್ಪಕ್ಕೆ ಅಕ್ಕಿ ನೆನೆಹಾಕುತ್ತಾ ಕುಳಿತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಧ್ವನಿ ಬೆಳ್ಳಗಾಗಿರಲಿಲ್ಲ.

"ಬಂದ್ಯಾ ಕಳ್ಳಾ! ಟ್ರಂಕ್ ಒಯ್ಯಾಕ ಆಳು ಕಳಿಸ್ತಿ, ನೀ ಬರೂದಿಲ್ಲ? ಈಕಿ ಯಾರು, ನಿನ್ನ ಮಗಳಾ? ಪಾಪ, ನಿನ್ನ ಮೂಗು ಬಂದೈತಿ."

ಕಾಫಿ ಕುಡಿಯುವ ತನಕ ತಾಳಿಕೊಂಡೆ. ಆಮೇಲೆ ಏಳು ವರ್ಷದ ಗಂಟು ಬಿಚ್ಚಿದೆ: ನನ್ನ ಮಾತು, ಅವರು ಎತ್ತಿಕೊಂಡು ಹೋದ ಜಾಡಿ, ಪೈಲಿ ಚೇಟ್ಟನ ಬಲಗೈ ಬೆರಳೆಂದು ನಾನು ಕೊಟ್ಟ ಎಲುಬು.

"ಜಾಡಿ? ಅದಕ್ಕ ಬೂಸ್ಟು ಬಂದಿತ್ತೋ. ಚೆಲ್ಲಿದೆ. ನಿನ್ನ ಮಾತಿಗೆ ಯಾರರ ಉಪ್ಪಿನಕಾಯಿ ಬಿಡ್ತಾರೇನು?"

"ಸೌಟು ಕೆಳಗಿಟ್ಟು ಒಳಗೆ ಹೋದಿರಿ."

"ಹಾಲಿನವ ಕರದಿರಬೇಕು."

"ಉಪವಾಸದಲ್ಲಿ ಹಾಲಿನವನು ಎಲ್ಲಿಯವನು ಅಮ್ಮಚ್ಚಿ?"

"ನಿಮಗ ಹುಡುಗರಿಗೆ ಚಾ ಬ್ಯಾಡೇನು? ಅದೇನ ಇರಲಿ, ಬಲಗೈ ಅಂದ್ಯಲ್ಲ, ಅವರದು ಹೋಗಿದ್ದು ಎಡಗೈ ಬೆರಳು." ಅವರು ಗೋಡೆಯ ಮದುವೆಯ ಫೋಟೋ ತೋರಿಸಿದರು. ಅದರಲ್ಲಿ ಹತ್ತೂ ಬೆರಳಿದ್ದವು.

"ಆ ಎಲುಬು...?" ಎಂದೆ.

ಅಮ್ಮಚ್ಚಿ ನಗತೊಡಗಿದರು. ಅಕ್ಕಿಯ ಪಾತ್ರೆ ಅಲುಗಾಡುವಷ್ಟು ನಕ್ಕರು. "ನಲವತ್ತು ವರ್ಷ ಕೋಳಿ ಕಡದಾಕಿಗೆ ಕೋಳಿ ಎಲುಬು ಗೊತ್ತಾಗೂದಿಲ್ಲೇನೋ ಮೋನೇ? ನೀ ಬಿಸಲಾಗ ಕರ್ರಗಾಗಿ, ಕೈಗೆ ಬೊಬ್ಬಿ ಎದ್ದು, ಇದೇ ಅಂತ ನನ್ನ ಮುಖ ನೋಡಿದಿ. ಇನ್ನೇನ ಅಳಾವ ಇದ್ದಿ. ಇಲ್ಲ ಅಂತ ಹೆಂಗ ಅನ್ನಲಿ?"

"ಮತ್ತೆ ಅದನ್ನು ಏನು ಮಾಡಿದಿರಿ?"

"ಒಯ್ದು ಬಾವಿಗೆ ಹಾಕಿದೆ, ಅವರ ಕೂಡ. ಹುಡುಗ ಅಷ್ಟು ಕಷ್ಟಪಟ್ಟು ಹುಡುಕಿದ್ದು. ಕಡೀ ದಿನ ಅವರು ಕಂಕುಳಾಗ ಒಂದು ಕೋಳಿ ಇಟಗೊಂಡು ಎದ್ದು ಬಂದ್ರ ನಗಬ್ಯಾಡ ನೀನು."

ನಾನು ನಗಲಿಲ್ಲ. ಹಾಗಾದರೆ ಅವರ ಬೆರಳು, ಎಂದೆ. ಇಡೀ ಮನುಷ್ಯನನ್ನು ಹಾಕಬೇಕು ಎಂದಿದ್ದಿರಲ್ಲ.

ಅಮ್ಮಚ್ಚಿ ಕೈ ಒರೆಸಿಕೊಂಡರು. "ಆವತ್ತ ನನಗ ಭಾಳ ಹೆದರಿಕಿ ಆಗಿತ್ತು, ಖರೇ. ಬಾವಿಗೆ ಹಾಕಿದ ಮರುದಿನ ಭಾನುವಾರ. ಈಸ್ಟರ್ ಆದ ಎಂಟನೇ ದಿನ ಚರ್ಚಿನಾಗ ಏಸುವಿನ ಶಿಷ್ಯ ತೋಮಾನ ಕತಿ ಓದ್ತಾರ. ನಿನ್ನಂಥವನ ಅವ. ಗಾಯದಾಗ ಬೆರಳು ಇಟ್ಟು ನೋಡೂತನಕ ನಂಬೂದಿಲ್ಲ ಅಂದಾವ. ಪ್ರತಿ ವರ್ಷ ಕೇಳಿದ ಕತಿ. ಆವತ್ತ ಕೇಳಿದಾಗ ಹೊಳೀತು. ಏಸು ಕರ್ತಾವು ಸತ್ತು ಎದ್ದು ಬಂದ್ರೂ ಕೈಯಾಗಿನ ಮೊಳಿ ತೂತು ಹಂಗ ಇತ್ತಲ್ಲೋ! ಸಾವನ್ನ ಗೆದ್ದಾವಗ ಗಾಯ ಮುಚ್ಚಾಕ ಬರತಿರಲಿಲ್ಲೇನು? ಅದನ್ನ ಇಟಗೊಂಡ ಬಂದ. ಗಾಯ ನೋಡೇ ಗೆಳ್ಯಾ ಗುರುತು ಹಿಡದ. ನಮ್ಮವರು ನನ್ನ ಜೋಡಿ ಇದ್ದದ್ದೆಲ್ಲ ಎಂಟು ಬೆರಳಿನ್ಯಾಗ. ಆ ಎಂಟು ಬೆರಳಿಲೇ ಈ ಮನಿ ಕಟ್ಟ್ಯಾರ. ಹತ್ತು ಬೆರಳು ಇಟಗೊಂಡು ಎದ್ದು ಬಂದ್ರ ನಾ ಗುರುತು ಹಿಡಿಯೂದು ಹೆಂಗ?"

ಹೊರಗೆ ಮಗಳು ಬಿಂಬುಳಿ ಗಿಡದ ಕಾಂಡದಿಂದ ಕಾಯಿ ಕೀಳುತ್ತಿದ್ದಳು. ಬುಡದ ಮಣ್ಣು ಮಟ್ಟಸವಾಗಿತ್ತು. ಅಲ್ಲಿ ಯಾರೋ ಒಂದು ದಿನ ಅಗೆದಿದ್ದರು ಎಂಬುದಕ್ಕೆ ಒಂದೇ ಒಂದು ಗುರುತೂ ಇರಲಿಲ್ಲ.

ಸಂಜೆಯ ರೈಲಿನಲ್ಲಿ ನನ್ನ ಹಳೆಯ ಅಭ್ಯಾಸ ಎದ್ದು ಕುಳಿತಿತು. ಜಾಡಿಗೆ ನಿಜವಾಗಿಯೂ ಬೂಸ್ಟು ಬಂದಿತ್ತೇ? ಅಥವಾ ನಾನು ಅಂದು ಹೇಳಿದ "ಇದೇ" ಎಂಬ ಸುಳ್ಳನ್ನು ಅಮ್ಮಚ್ಚಿ ಇಂದು ತಿರುಗಿ ನನಗೇ ಕೊಟ್ಟರೇ, ಬಿಳಿ ಬಟ್ಟೆಯಲ್ಲಿ ಸುತ್ತಿ? ಹಾಲಿನವನ ಮಾತು ನನಗೆ ಇಂದಿಗೂ ಅನುಮಾನ. ಸತ್ತವರು ಏಳುತ್ತಾರೆಂದು ನಾನು ಈಗಲೂ ಹೇಳಲಾರೆ. ಆದರೆ ಏಳು ವರ್ಷ ಒಂದು ಕಲ್ಲಿನ ಹಿಂದೆ ಮಲಗಿದ್ದವನು ನಾನೇ ಎಂಬುದು ಕೊಲ್ಲಂ ದಾಟುವಾಗ ಹೊಳೆಯಿತು. ಮಗಳು ಮಡಿಲಲ್ಲಿ ಅಮ್ಮಚ್ಚಿ ಕೊಟ್ಟ ಬಿಂಬುಳಿ ಉಪ್ಪಿನಕಾಯಿಯ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿದ್ದೆಹೋಗಿದ್ದಳು.

ಭಾನುವಾರ ಬೆಳಿಗ್ಗೆ ಜೆಸ್ಸಿ ಟೀಚರ್ ಅವರ ಡಬ್ಬಿ ತೊಳೆದು ಇಟ್ಟಿತ್ತು. ಖಾಲಿ ಡಬ್ಬಿ ಮರಳಿಸುವುದು ನಮ್ಮ ಮನೆಯ ರೂಢಿಯಲ್ಲ. ಅರ್ಧ ಬಾಟಲಿ ಉಪ್ಪಿನಕಾಯಿ ಅದಕ್ಕೆ ತುಂಬಿದೆ. ಉಳಿದರ್ಧದಲ್ಲಿ ಒಂದು ಹೋಳು ನನ್ನ ಮೊಸರನ್ನದ ಪಕ್ಕಕ್ಕೆ ಬಂತು. ಅಂದಿನ ಹುಳಿಯೇ, ಇಷ್ಟರ ಮಟ್ಟಿಗೆ ನನ್ನ ನೆನಪನ್ನು ನಂಬಬಹುದು.

"ಅಚ್ಛಾ" ಎಂದು ಅಪ್ಪನನ್ನು ತನ್ನ ಮಲಯಾಳದಲ್ಲಿ ಕರೆದಳು ಮಗಳು, ಊಟದ ನಡುವೆ. ಆಮೇಲೆ ಅದೇ ಭಾಷೆಯಲ್ಲಿ ಕೇಳಿದಳು, ಆ ಪೈಲಿ ಅಜ್ಜನ ಜೊತೆ ಕೋಳಿಯೂ ನಿಜವಾಗಿ ಎದ್ದು ಬರುತ್ತದೆಯೇ ಎಂದು. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

ಹೆಂಡತಿ ನನ್ನ ಕಡೆ ನೋಡಿದಳು. ಪರಮಾಣುಗಳ ವಿಷಯ ಶುರುವಾಗುತ್ತದೆ ಎಂದುಕೊಂಡಿರಬೇಕು.

"ಗೊತ್ತಿಲ್ಲವ್ವಾ ನನಗ" ಎಂದೆ. "ಬಂದ್ರ, ಅಮ್ಮಚ್ಚಿ ಗುರುತು ಹಿಡೀತಾರ."