ಲೈಪ್‌ಜಿಗ್ ಸ್ಟೇಷನ್ನಿನ ಇಪ್ಪತ್ತಾರು ಸಾಲು

ಜೂನ್ 18, ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಇದು ಶುರುವಾದ ಹೊತ್ತು. ಅಂದಿನ ದಿನಚರಿಯ ಪುಟ ಈಗ ನನ್ನ ಮುಂದೆ ತೆರೆದಿದೆ. ಅಲ್ಲಿಯವರೆಗೆ ಇಂಥ ಕಥೆ ಯಾರು ಹೇಳಿದರೂ ನಾನು ಎರಡೇ ಪ್ರಶ್ನೆ ಕೇಳುತ್ತಿದ್ದೆ: ಎಷ್ಟು ಗಂಟೆಗೆ? ನೋಡಿದವರು ಎಷ್ಟು ಮಂದಿ? ಉತ್ತರ ಬರುತ್ತಿರಲಿಲ್ಲ, ನಾನು ನಕ್ಕುಬಿಡುತ್ತಿದ್ದೆ. ಈಗ ಎರಡಕ್ಕೂ ನನ್ನ ಹತ್ತಿರವೇ ಉತ್ತರವಿದೆ. ನಗು ಮಾತ್ರ ಬರುತ್ತಿಲ್ಲ.

ಆಗ ನನಗೆ ಇಪ್ಪತ್ತೊಂದು. ರಾಯದುರ್ಗ ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತ. ಬಳ್ಳಾರಿಯಿಂದ ಬಂದ ರೈಲು ನಮ್ಮಲ್ಲಿ ನಿಂತರೆ ಮುಗಿಯಿತು, ಮುಂದೆ ಹಳಿಯಿಲ್ಲ. ಒಂದು ಪ್ಲಾಟ್‌ಫಾರಂ, ಒಂದು ಟಿಕೆಟ್ ಕಿಂಡಿ, ಒಂದು ಸಾಮಾನು ಕೋಣೆ. ರೈಲ್ವೆ ಅಂದರೆ ಇಷ್ಟೇ ಎಂದು ನಾನು ತಿಳಿದಿದ್ದೆ.

ಅಂದು ನನ್ನ ಕೋಣೆಗೆ ಬಂದವರು ನೂಲಿಗೆ ಬಣ್ಣ ಹಾಕುವ ತಿಪ್ಪೇಸ್ವಾಮಿ ಮತ್ತು ಅವರ ಅತ್ತೆ ಸಂಜೀವಮ್ಮ. ಆಕೆ ಮಡಕಶಿರಾ ಕಡೆಯ ರೈತರ ಮನೆಯವರು. ಮಗಳ ಬಾಣಂತನಕ್ಕೆಂದು ಬಸ್ಸಿನಲ್ಲಿ ಬಂದಿದ್ದರು. ಓದು ಬರದು. ರೈಲನ್ನು ಹತ್ತಿರದಿಂದ ನೋಡಿದ್ದೂ ಅವತ್ತೇ ಮೊದಲು.

ತಿಪ್ಪೇಸ್ವಾಮಿಯ ಕೈಯಲ್ಲಿ ಒಂದು ಕಾಗದವಿತ್ತು. ಬರೆದವನು ಸಂಜೀವಮ್ಮನ ಮಗ ಗಂಗಾಧರ. ಅವನು ಬಣ್ಣದ ರಸಾಯನ ಕಲಿಯಲು ಜರ್ಮನಿಗೆ ಹೋಗಿ ಮೂರು ವರ್ಷವಾಗಿತ್ತು. ಓದು ಮುಗಿಸಿ ಊರಿಗೆ ಹೊರಟವನಿಗೆ ದಾರಿಯಲ್ಲಿ ಲೈಪ್‌ಜಿಗ್ ಎಂಬ ಪಟ್ಟಣದಲ್ಲಿ ಜ್ವರ ಬಂದು ಆಸ್ಪತ್ರೆ ಸೇರಬೇಕಾಯಿತು. ಜೊತೆಗಿದ್ದ ಗೆಳೆಯ ಅವನ ಪೆಟ್ಟಿಗೆಯನ್ನು ಸ್ಟೇಷನ್ನಿನ ಸಾಮಾನು ಕೋಣೆಯಲ್ಲಿಟ್ಟು, ರಸೀದಿಯನ್ನು ತನ್ನ ಜೇಬಿನಲ್ಲೇ ಮರೆತು, ಮುಂದಿನ ದೇಶಕ್ಕೆ ಹೋಗಿಬಿಟ್ಟಿದ್ದ. ಪಾಸ್‌ಪೋರ್ಟು, ಸರ್ಟಿಫಿಕೇಟು, ಮೂರು ವರ್ಷದ ಟಿಪ್ಪಣಿ, ಎಲ್ಲ ಅದರಲ್ಲೇ. ಗಂಗಾಧರ ನಾಲ್ಕು ಸಲ ಹೋಗಿ ಕೇಳಿದ್ದ. ನಾಲ್ಕು ಸಲವೂ ಅವರು ಪುಸ್ತಕ ನೋಡಿ ಅಂಥ ಪೆಟ್ಟಿಗೆ ಬಂದೇ ಇಲ್ಲ ಎಂದಿದ್ದರು. ಹಡಗು ಜುಲೈ ಒಂಬತ್ತಕ್ಕೆ. ಪಾಸ್‌ಪೋರ್ಟ್ ಇಲ್ಲದೆ ಹತ್ತಿಸುವುದಿಲ್ಲ.

ನಾನು ರೈಲ್ವೆಯವನು, ದಾರಿ ಗೊತ್ತಿರಬೇಕು ಎಂಬುದು ತಿಪ್ಪೇಸ್ವಾಮಿಯ ನಂಬಿಕೆ. ಪುಸ್ತಕದಲ್ಲಿ ಇಲ್ಲವೆಂದರೆ ಪೆಟ್ಟಿಗೆ ಕಳುವಾಗಿದೆ, ಪೊಲೀಸರಿಗೆ ಬರೆದುಕೊಡಲಿ ಎಂದೆ.

ಸಂಜೀವಮ್ಮ ನೆಲದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಬಿತ್ತನೆಯ ಕಾಯನ್ನು ಕೈಯಲ್ಲೇ ಸುಲಿಯಬೇಕು. ಬೀಜದ ಮೇಲಿನ ಕೆಂಪು ಸಿಪ್ಪೆ ಕಿತ್ತುಬಂದರೆ ಅದು ಬಿತ್ತನೆಗೆ ಬಾರದು. ಆದ್ದರಿಂದ ಬಿತ್ತನೆಯ ದಿನಗಳಲ್ಲಿ ಮಡಕಶಿರಾ ಕಡೆಯ ಹೆಂಗಸರು ನಂಟರ ಮನೆಗೆ ಹೋದರೂ ಮಡಿಲಲ್ಲಿ ಕಾಯಿ ಇರುತ್ತದೆ. ಸುಲಿದ ಬೀಜವನ್ನು ಆಕೆ ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದರು. ತಲೆಯೆತ್ತದೆ ಹೇಳಿದರು:

“ಅತ್ಲಾಗಿನ ಬಾಗ್ಲಲ್ಲಿ ಕೇಳಕ್ಕೆ ಹೇಳಪ್ಪ. ಅಲ್ಲಿ ಎಲ್ಲಾನೂ ಎಲ್ಡೆಲ್ಡು ಐತೆ. ಮೆಟ್ಲು ಎಲ್ಡು, ಪೆಟ್ಗೆ ಮಡಗೋ ರೂಮೂ ಎಲ್ಡು. ಇವ್ನು ಒಂದೇ ಕಡೆ ಕೇಳ್ತವ್ನೆ.”

ಮೂಟೆ ಇಳಿಸುತ್ತಿದ್ದ ಹಮಾಲಿ ಹುಸೇನ್ ಸಾಬ್, “ಅಮ್ಮಾರು ಜರ್ಮನಿಗೂ ಸ್ಟೇಷನ್ ಮಾಸ್ತರ ಆಗ್ಯಾರ ನೋಡ್ರಿ” ಎಂದ. ನಾನೂ ನಕ್ಕೆ. “ಒಂದು ಸ್ಟೇಷನ್ನಿಗೆ ಎರಡು ಸಾಮಾನು ಕೋಣಿ ಯಾಕ ಬೇಕ್ರಿ, ಅಮ್ಮಾ?”

“ಇಬ್ರು ಯಜಮಾನ್ರು ಕಣಪ್ಪ. ಅರ್ಧ ಅವ್ರುದು, ಅರ್ಧ ಇವ್ರುದು.”

ಎಣಿಸುವುದು ನನ್ನ ಚಾಳಿ. ಬೀಜದ ಸಾಲುಗಳನ್ನು ಎಣಿಸಿದೆ. ಹದಿಮೂರು, ನಡುವೆ ನಾಲ್ಕು ಬೆರಳಿನಷ್ಟು ಜಾಗ, ಮತ್ತೆ ಹದಿಮೂರು. ಒಟ್ಟು ಇಪ್ಪತ್ತಾರು. ಬಲತುದಿಯ ಕೊನೆಯ ಸಾಲಿನಾಚೆ ಒಂದೇ ಒಂದು ಬೀಜ ಬೇರೆ ಬಿದ್ದಿತ್ತು. ಅದನ್ನು ಸಾಲಿಗೆ ಸೇರಿಸೋಣವೆಂದು ಕೈ ಚಾಚಿದೆ. ಸಂಜೀವಮ್ಮ ನನ್ನ ಮಣಿಕಟ್ಟು ಹಿಡಿದರು.

“ಅದುನ್ನ ಮುಟ್ಬ್ಯಾಡ. ಅಲ್ಲೊಬ್ರು ಕುಂತವ್ರೆ.”

ಆಗ ಎರಡು ಮೂವತ್ತೈದು. ನೋಡಿದವರು, ನನ್ನನ್ನು ಬಿಟ್ಟು, ಇಬ್ಬರು.

ಅತ್ತೆಯ ಮಾತು ತೆಗೆದುಹಾಕಲು ತಿಪ್ಪೇಸ್ವಾಮಿ ಒಪ್ಪಲಿಲ್ಲ. ಸಂಜೆ ಪೋಸ್ಟಾಫೀಸಿನಲ್ಲಿ ತಂತಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನೇ. ಇನ್ನೊಂದು ಬದಿ ಕೇಳು ಎಂದು ಬರೆದು, ರೈಲ್ವೆಯವನಾಗಿ ಇಂಥದ್ದು ಬರೆಯಲು ನಾಚಿಕೆಯಾಗಿ, ತಾಯಿ ಹೇಳುತ್ತಾರೆ ಎಂದು ಸೇರಿಸಿದೆ. ದಿನಚರಿಯಲ್ಲಿ ‘ತಂತಿ ದಂಡ’ ಎಂದು ಗುರುತು ಹಾಕಿಕೊಂಡೆ.

ನಾಲ್ಕನೆಯ ದಿನ ಮರುತಂತಿ ಬಂತು. ಪೆಟ್ಟಿಗೆ ಸಿಕ್ಕಿತ್ತು.

ಆಗಸ್ಟಿನಲ್ಲಿ ಗಂಗಾಧರನೇ ನಮ್ಮ ಪ್ಲಾಟ್‌ಫಾರಂ ಮೇಲೆ ಇಳಿದ. ಅವನ ಪೆಟ್ಟಿಗೆಯಲ್ಲಿ ಆ ಸ್ಟೇಷನ್ನಿನ ಬಗ್ಗೆ ಅಚ್ಚಾದ ಒಂದು ಸಣ್ಣ ಪುಸ್ತಕವಿತ್ತು. ಅವನು ಜರ್ಮನ್ ಓದಿ ಹೇಳುತ್ತ ಹೋದ, ನಾನು ದಿನಚರಿ ಬಿಚ್ಚಿ ಕೂತೆ. ಕಟ್ಟಿದಾಗ ಅದು ಎರಡು ರಾಜ್ಯಗಳ ರೈಲ್ವೆಗೆ ಸೇರಿದ್ದು: ಪಶ್ಚಿಮದ ಅರ್ಧ ಪ್ರಷ್ಯದವರದು, ಪೂರ್ವದ ಅರ್ಧ ಸ್ಯಾಕ್ಸನಿಯವರದು. ಕಟ್ಟಡ ಪೂರ್ತಿಯಾದದ್ದು ಮೊದಲ ಮಹಾಯುದ್ಧದ ಎರಡನೆಯ ವರ್ಷ. ಎರಡು ದೊಡ್ಡ ಹಜಾರ, ಎರಡು ಮೆಟ್ಟಿಲಸಾಲು, ಟಿಕೆಟ್ ಕಿಂಡಿ ಬೇರೆ, ಕಾಯುವ ಕೋಣೆ ಬೇರೆ. ಗಂಗಾಧರ ನಾಲ್ಕು ಸಲವೂ ಪಶ್ಚಿಮದಲ್ಲೇ ಕೇಳಿದ್ದ, ಪೆಟ್ಟಿಗೆ ಪೂರ್ವದಲ್ಲಿತ್ತು. ಆಮೇಲೆ ಅವನು ಹಳಿಗಳ ಸಂಖ್ಯೆ ಓದಿದ. ಇಪ್ಪತ್ತಾರು. ನಾನು ಕೂತಲ್ಲಿಂದ ಎದ್ದುಬಿಟ್ಟೆ. ಹುಸೇನ್ ಸಾಬ್‌ನನ್ನು ಕೂಗಿ ಕರೆದು ಪುಸ್ತಕದ ಆ ಪುಟ ತೋರಿಸಿದೆ. ಅವನು ನಗಲಿಲ್ಲ.

ಗಂಗಾಧರ ಊರಿಗೆ ಬರೆದ ಮೂವತ್ತೊಂದು ಕಾಗದವನ್ನೂ ಓದಿದ್ದೇನೆ. ಆ ಕೊನೆಯದನ್ನು ಬಿಟ್ಟರೆ ಲೈಪ್‌ಜಿಗ್ ಹೆಸರೇ ಇಲ್ಲ. ಗುಡಿಬಂಡೆ ದಾರಿಯಲ್ಲಿರುವ ಸಂಜೀವಮ್ಮನ ಹಳ್ಳಿಗೆ ಎರಡು ಸಲ ಹೋಗಿಬಂದೆ. ಮೊದಲ ಸಲ, “ನಂಗೇನ್ ಗೊತ್ತಪ್ಪ, ಬಾಯಿಗೆ ಬಂತು, ಅಂದೆ” ಎಂದು ರೊಟ್ಟಿ ಬಡಿಸಿದರು. ಎರಡನೆಯ ಸಲ ನಾನು ಆ ಒಂಟಿ ಬೀಜದ ವಿಷಯ ತೆಗೆದೆ.

“ಇನ್ನೂ ಕುಂತವ್ರಾ?” ಎಂದು ನನ್ನನ್ನೇ ಕೇಳಿದರು.

ಪುಸ್ತಕದ ನಕ್ಷೆಯಲ್ಲಿ ಇಪ್ಪತ್ತಾರನೆಯ ಹಳಿಯಾಚೆ ಏನೂ ಅಚ್ಚಾಗಿಲ್ಲ, ಬರೀ ಬಿಳಿ ಕಾಗದ. ಗಂಗಾಧರ ಆ ಕಡೆ ಹೋಗಿ ನೋಡಿದವನಲ್ಲ. ಓದುಗರಲ್ಲಿ ಯಾರಾದರೂ ಆ ಸ್ಟೇಷನ್ನಿಗೆ ಹೋದವರಿದ್ದರೆ, ಅಥವಾ ಹೋಗುವವರಿದ್ದರೆ, ಪೂರ್ವದ ತುದಿಯ ಕೊನೆಯ ಹಳಿ ದಾಟಿ ಒಮ್ಮೆ ನೋಡಿ, ಅಲ್ಲಿ ಯಾರಿದ್ದಾರೆಂದು ಈ ಪತ್ರಿಕೆಯ ವಿಳಾಸಕ್ಕೆ ಬರೆಯಬೇಕು. ದಿನಾಂಕ, ಗಂಟೆ ಹಾಕುವುದನ್ನು ಮರೆಯಬೇಡಿ.