ಕೆನ್ನೆಗೆ ಕೇಳಿಸುತ್ತಿದ್ದ ಸದ್ದು

ಬೀರುವಿನ ಮೇಲಿಟ್ಟಿದ್ದ ಕಪ್ಪು ಚೀಲದ ಜಿಪ್ಪು ಎಳೆದಾಗ ಮೊದಲು ಬಂದದ್ದು ವಾಸನೆ. ಬೆವರು ಕುಡಿದ ರಬ್ಬರು, ಒಣಗಿದ ಮಲ್ಲಿಗೆ, ಕರ್ಪೂರ ಎಲ್ಲ ಕೂಡಿದ ಮದುವೆಮನೆಯ ವಾಸನೆ. ಚೀಲದ ಹೊಲಿಗೆಯ ಸಂದಿಯಲ್ಲಿ ಅರಿಸಿನದ ಅಕ್ಕಿಕಾಳುಗಳು ಇನ್ನೂ ಸಿಕ್ಕಿಕೊಂಡಿದ್ದವು. ಯಾರ ಮದುವೆಯ ಅಕ್ಷತೆಯೋ...

ಹಾಸನದ ಕ್ಯಾಮೆರಾ ಅಂಗಡಿಯವರು ಬೆಳಿಗ್ಗೆ ಫೋನು ಮಾಡಿದ್ದರು. “ಕಂಪನಿಯವರು ಇನ್ಮುಂದೆ ಡಿಎಸ್‌ಎಲ್‌ಆರ್ ಮಾಡ್ತಾರೋ ಇಲ್ವೋ ಗೊತ್ತಿಲ್ಲ ಮೇಡಂ. ಹಳೇದು ಇಟ್ಕೊಂಡಿದ್ರೆ ಪಾರ್ಟ್ಸ್ ಸಿಗೋವಾಗ್ಲೇ ಸರ್ವೀಸ್ ಮಾಡಿಸ್ಬಿಡಿ” ಎಂದಿದ್ದರು. ಈ ಮಾತನ್ನು ಕೆಲವು ವರ್ಷಗಳಿಂದ ಕೇಳುತ್ತಲೇ ಇದ್ದೇನೆ. ಕಂಪನಿಯಂತೂ ಬಾಯಿಬಿಟ್ಟು ಏನನ್ನೂ ಹೇಳಿಲ್ಲ. ಆದರೆ ಹೊಸದಾಗಿ ಬರುವುದೆಲ್ಲ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್. ಅದಕ್ಕೇ ಚೀಲ ಇಳಿಸಿದ್ದೆ. ಕ್ಯಾಮೆರಾ ಹೊರಗೆ ತೆಗೆದೆ. ಹೆಬ್ಬೆರಳು ಕೂರುವ ಜಾಗದಲ್ಲಿ ರಬ್ಬರು ಸವೆದು ನುಣ್ಣಗಾಗಿತ್ತು. ಅದು ನನ್ನ ಹೆಬ್ಬೆರಳಿಗಿಂತ ದೊಡ್ಡ ಬೆರಳಿನ ಗುರುತು. ಆ ಕ್ಯಾಮೆರಾ ನನ್ನದಲ್ಲ, ಅಣ್ಣನದು.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಊರಿನ ಪಕ್ಕದ ಒಕ್ಕಲು ಮನೆತನದವರು. ಜಮೀನನ್ನು ತಮ್ಮನಿಗೆ ಬಿಟ್ಟು ಕ್ಯಾಮೆರಾ ಹಿಡಿದಿದ್ದರು. ನಾನು ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆಯ ಮಗಳು. ಮೈಸೂರಿನಲ್ಲಿ ಫೋಟೋಗ್ರಫಿ ಕಲಿತು ಬಂದಾಗ ನಮ್ಮ ತಂದೆ, “ಮದುವೆಮನೆಗೆ ಊಟಕ್ಕೆ ಹೋಗೋದು ಸರಿ, ಕೂಲಿಗೆ ಹೋಗ್ತೀಯಾ?” ಎಂದು ಮುಖ ತಿರುಗಿಸಿದ್ದರು. ಕೆಲಸ ಕೇಳಿಕೊಂಡು ಅಣ್ಣನ ಸ್ಟುಡಿಯೋಗೆ ಹೋದೆ. ನಾನು ತೆಗೆದಿದ್ದ ಚಿತ್ರಗಳನ್ನು ಅವರು ಒಂದೊಂದಾಗಿ ನೋಡಿದರು.

“ಹೆಣ್ಣಿನ ಕೋಣೇಲಿ ನಾವ್ ಗಂಡಸ್ರು ನಿಂತ್ರೆ ಹೆಣ್ಮಕ್ಳು ಮುಖ ಬಿಗ್ದುಕೊಂಡ್ಬುಡ್ತಾರೆ ಕಣವ್ವಾ. ಅಲ್ಲಿಗೆ ನೀನು ಓಗು. ಮಂಟಪ ನಾನ್ ನೋಡ್ಕತೀನಿ” ಎಂದರು.

ಅಲ್ಲಿಂದಾಚೆ ನಾವಿಬ್ಬರೂ ಜೊತೆಯಲ್ಲೇ ದುಡಿದೆವು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ... ಆ ಕಡೆಯ ಛತ್ರಗಳಲ್ಲಿ ನಾವು ಕಾಲಿಡದವು ಕಡಿಮೆ. ಅಣ್ಣ ಕಡಿಮೆ ಮಾತಿನವರು. ಫೋನು ಬಂದರೆ ನನ್ನ ಕೈಗೆ ಕೊಡುತ್ತಿದ್ದರು. ಎದುರಿಗಿದ್ದವರು ಮಾತಾಡುವಾಗ ಅವರ ಬಾಯಿಯನ್ನೇ ನೋಡುತ್ತಿದ್ದರು. ನಾನು ಹಿಂದಿನಿಂದ ಕರೆದರೆ ಓಗೊಡುತ್ತಿರಲಿಲ್ಲ. ಮೊದಮೊದಲು ಅದನ್ನು ಬಿಂಕ ಎಂದುಕೊಂಡಿದ್ದೆ.

ಒಂದು ಸಂಜೆ ಹೇಮಾವತಿಯ ಸೇತುವೆಯ ಹತ್ತಿರ ಸ್ಕೂಟರ್ ನಿಲ್ಲಿಸಿ ಅವರೇ ಹೇಳಿದರು. ಹಿಂದೆ ಯಾವುದೋ ಮದುವೆಯ ಮೆರವಣಿಗೆಯಲ್ಲಿ ಕಿವಿಯ ಪಕ್ಕದಲ್ಲೇ ಪಟಾಕಿ ಸಿಡಿದಿತ್ತಂತೆ. ಆ ಕಿವಿ ಅವತ್ತೇ ಹೋಯಿತು. ಇನ್ನೊಂದು ನಿಧಾನವಾಗಿ ಅದರ ಹಿಂದೆ ಹೋಯಿತು. ಯಂತ್ರ ಹಾಕಿಸಿಕೊಂಡು ನೋಡಿದ್ದರು. ಛತ್ರದ ಗದ್ದಲದಲ್ಲಿ ಅದು ತಲೆಯೊಳಗೆ ಕಿರುಚುತ್ತಿತ್ತಂತೆ, ತೆಗೆದಿಟ್ಟರು.

“ನಿಮ್ಮ ಅತ್ತಿಗೆಗ್ ಬಿಟ್ರೆ ಯಾರಿಗೂ ಗೊತ್ತಿಲ್ಲ. ಕಿವುಡ ಫೋಟೋದವ್ನು ಅಂದ್ರೆ ಯಾರವ್ವಾ ಕರೀತಾರೆ?”

ಹಾಗಾದರೆ ಇಷ್ಟು ದಿನ ಹೇಗೆ ನಿಭಾಯಿಸಿದಿರಿ ಎಂದು ಕೇಳಿದೆ. ಅವರು ಕ್ಯಾಮೆರಾವನ್ನು ನನ್ನ ಮುಖಕ್ಕೆ ಒತ್ತಿ ಹಿಡಿದು ಗುಂಡಿ ಅದುಮಿಸಿದರು. ಡಿಎಸ್‌ಎಲ್‌ಆರ್ ಒಳಗೆ ಒಂದು ಪುಟ್ಟ ಕನ್ನಡಿ ಇರುತ್ತದೆ. ಚಿತ್ರ ತೆಗೆಯುವಾಗ ಅದು ಪಟ್ಟನೆ ಮೇಲೆದ್ದು ಮತ್ತೆ ಬೀಳುತ್ತದೆ. ಆ ಕ್ಷಣ ಕಣ್ಣಿಗೆ ಕತ್ತಲಾಗುತ್ತದೆ, ಅದರ ಸಣ್ಣ ಏಟು ಕೆನ್ನೆಯ ಮೂಳೆಗೆ ತಾಗುತ್ತದೆ. ನಾನೂ ವರ್ಷಗಳಿಂದ ಅದೇ ಕೆಲಸ ಮಾಡುತ್ತಿದ್ದವಳು, ಆದರೆ ನನ್ನ ಗಮನಕ್ಕೇ ಬಂದಿರಲಿಲ್ಲ.

“ಕಿವಿ ಸುಳ್ ಏಳ್ಬೋದು, ಇದು ಏಳಕಿಲ್ಲ. ತೆಗೆದ್ನೋ ಇಲ್ವೋ ಅಂತ ಕೆನ್ನೇಗ್ ಗೊತ್ತಾಯ್ತದೆ” ಎಂದರು.

ಇನ್ನುಳಿದದ್ದನ್ನು ನಾವು ಹಂಚಿಕೊಂಡೆವು. ಗಟ್ಟಿಮೇಳ ಶುರುವಾದರೆ ನಾನು ಅವರ ಹೆಗಲು ತಟ್ಟುತ್ತಿದ್ದೆ. ಪುರೋಹಿತರು ಏನಾದರೂ ಹೇಳಿದರೆ ಕೈಸನ್ನೆ ಮಾಡುತ್ತಿದ್ದೆ. ಯಾರಿಗೂ ತಿಳಿಯುತ್ತಿರಲಿಲ್ಲ.

ಕಂಪನಿ ಡಿಎಸ್‌ಎಲ್‌ಆರ್ ನಿಲ್ಲಿಸಬಹುದು ಎಂಬ ಸುದ್ದಿ ಆಗಲೇ ಹರಿದಾಡುತ್ತಿತ್ತು. ಫೋಟೋಗ್ರಾಫರುಗಳು ಸೇರಿದಲ್ಲೆಲ್ಲ ಅದೇ ಮಾತು. ಅಣ್ಣ ನಂಬಲಿಲ್ಲ. “ಕನ್ನಡಿ ಇಲ್ದಿರೋದು ಕ್ಯಾಮ್ರಾನಾ? ಟೀವಿ ನೋಡ್ದಂಗೆ ನೋಡಿ ಫೋಟೋ ತೆಗೀಬೇಕಾ?” ಎನ್ನುತ್ತಿದ್ದರು. ಅದು ಹಟದ ಮಾತಾಗಿ ಬೇರೆಯವರಿಗೆ ಕೇಳಿಸುತ್ತಿತ್ತು. ಅದರ ಒಳಗಿದ್ದ ಹೆದರಿಕೆ ನನಗೆ ಗೊತ್ತಿತ್ತು.

ಕೊನೆಗೆ ಅವರ ಕ್ಯಾಮೆರಾದ ಶಟರ್ ಕೆಟ್ಟುಹೋಯಿತು. ಮದುವೆಯ ಕಾಲ. ಬಿಡಿಭಾಗ ಬರುವುದಕ್ಕೆ ತಿಂಗಳುಗಳೇ ಹಿಡಿಯಬಹುದು ಎಂದರು ಸರ್ವೀಸಿನವರು. ವಿಧಿಯಿಲ್ಲದೆ ಹಾಸನಕ್ಕೆ ಹೋಗಿ ಮಿರರ್‌ಲೆಸ್ ತಂದೆವು. ಅಂಗಡಿಯವರು ತುಂಬ ಖುಷಿಯಿಂದ, “ಸದ್ದೇ ಬರಲ್ಲ ಸಾ, ಗರ್ಭಗುಡಿ ಮುಂದೆ ನಿಂತು ತೆಗೆದ್ರೂ ಯಾರಿಗೂ ಗೊತ್ತಾಗಲ್ಲ” ಎಂದು ಹಾಗೆಯೇ ಹೊಂದಿಸಿಕೊಟ್ಟರು. ಅಣ್ಣ ನನ್ನ ಮುಖ ನೋಡಿದರು.

ಮನೆಯಲ್ಲಿ ಅಭ್ಯಾಸ ಮಾಡಿದರು. ಒಂದು ಚಿತ್ರ ತೆಗೆಯುವುದು, ಹಿಂದಿನ ಪರದೆ ನೋಡಿ ಖಾತ್ರಿ ಮಾಡಿಕೊಳ್ಳುವುದು. ಹಾಗೆ ಮಾಡಿದರೆ ಆಗುತ್ತದೆ ಎಂದುಕೊಂಡೆವು. ಮಾಂಗಲ್ಯಧಾರಣೆಯ ಹೊತ್ತಿನಲ್ಲಿ ಪರದೆ ನೋಡಲು ಪುರುಸೊತ್ತು ಎಲ್ಲಿರುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಚನ್ನರಾಯಪಟ್ಟಣದ ಛತ್ರ. ಹೆಣ್ಣಿನ ಕಡೆಯವರು ರಾಮನಾಥಪುರದ ಹತ್ತಿರದವರು, ಹೊಗೆಸೊಪ್ಪು ಬೆಳೆಯುವ ಮನೆ. ಗಟ್ಟಿಮೇಳ ಶುರುವಾಯಿತು. ನಾನು ಅಣ್ಣನ ಹೆಗಲು ತಟ್ಟಿ ಪಕ್ಕಕ್ಕೆ ಸರಿದೆ. ಗಂಡು ಬಗ್ಗಿ ತಾಳಿಯ ಮೊದಲ ಗಂಟು ಹಾಕಿದ. ಅಣ್ಣ ಕ್ಯಾಮೆರಾ ಒತ್ತಿ ಹಿಡಿದಿದ್ದರು. ಕಣ್ಣಿಗೆ ಕತ್ತಲೆ ಬರಲಿಲ್ಲ, ಕೆನ್ನೆಗೆ ಏಟು ತಾಗಲಿಲ್ಲ. ಅವರ ಮುಖ ಬಿಳಚಿಕೊಂಡಿತು. ಏನಾಗುತ್ತಿದೆ ಎಂದು ನನಗೆ ಅರ್ಥವಾಗುವಷ್ಟರಲ್ಲಿ ಎಡಗೈ ಮೇಲೆತ್ತಿ ಕೂಗಿಬಿಟ್ಟರು:

“ತಡೀರಿ! ಒಂದ್ನಿಮ್ಸ ತಡೀರಿ! ಬಂದಿಲ್ಲ!”

ಕಿವಿ ಕೇಳದವರ ಕೂಗು, ಅಳತೆ ಗೊತ್ತಿರುವುದಿಲ್ಲ. ವಾಲಗದ ಮೇಲೆ ಹಾಯ್ದು ಇಡೀ ಛತ್ರಕ್ಕೆ ಕೇಳಿಸಿತು. ಗಂಡಿನ ಕೈ ನಿಂತುಬಿಟ್ಟಿತು. ವಾಲಗದವರೂ ಗಾಬರಿಯಾಗಿ ನಿಲ್ಲಿಸಿದರು. ಮುಹೂರ್ತದಲ್ಲಿ, ಅರ್ಧ ಕಟ್ಟಿದ ತಾಳಿ ಹಿಡಿದು...

“ಕಟ್ಟಪ್ಪಾ, ನೀನು ಕಟ್ಟು!” ಎಂದು ಪುರೋಹಿತರು ಗದರಿದರು. ಗಂಡಿನ ಸೋದರಮಾವ ಮಂಟಪದ ಮೇಲಿಂದಲೇ, “ಯಾವನ್ಲಾ ಅವ್ನು, ತಾಳಿ ಕಟ್ಟೋದ ನಿಲ್ಲುಸ್ತಾನೆ?” ಎಂದು ಅಬ್ಬರಿಸಿದ. ಉಳಿದ ಗಂಟು ಬಿತ್ತು, ಅಕ್ಷತೆ ಬಿತ್ತು. ಅಣ್ಣ ಮಾತ್ರ ಎತ್ತಿದ ಕೈಯನ್ನು ಇಳಿಸುವುದನ್ನೂ ಮರೆತು ನಿಂತಿದ್ದರು.

ಊಟದ ಮನೆಯ ಬಾಗಿಲಲ್ಲಿ ಹೆಣ್ಣಿನ ತಂದೆ ಅವರನ್ನು ತಡೆದರು. ಒಳ್ಳೆಯ ಮನುಷ್ಯ, ಆದರೆ ಅವತ್ತು ಬೀಗರ ಮುಂದೆ ತಲೆತಗ್ಗಿಸಿ ಬಂದಿದ್ದರು.

“ಮಂಟಪದಲ್ಲಿ ಅಷ್ಟ್ ಜನ ಬಯ್ತಾವ್ರೆ, ಕಲ್ ನಿಂತಂಗ್ ನಿಂತಿದ್ದೀರಲ್ಲ, ಕಿವಿ ಕೇಳ್ಸದೋ ಇಲ್ವೋ ನಿಮ್ಗೆ?”

ಸಿಟ್ಟು ಬಂದವರೆಲ್ಲ ಆಡುವ ಮಾತು ಅದು. ಅಣ್ಣ ಅವರ ತುಟಿಯನ್ನೇ ನೋಡುತ್ತಿದ್ದರು. ಮೆಲ್ಲಗೆ ಹೇಳಿದರು:

“ಇಲ್ಲ ಸಾ. ಕೇಳ್ಸಕಿಲ್ಲ.”

ಆ ತಂದೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಅಣ್ಣ ಕ್ಯಾಮೆರಾವನ್ನು ಕೊರಳಿಂದ ತೆಗೆದು ನನ್ನ ಕೈಗೆ ಕೊಟ್ಟು ಛತ್ರದ ಮೆಟ್ಟಿಲಿಳಿದು ಹೋದರು. ಆರತಕ್ಷತೆಯನ್ನು ನಾನೊಬ್ಬಳೇ ಮುಗಿಸಿದೆ.

ಮಾರನೆಯ ದಿನ ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದರೆ ಎಲ್ಲವೂ ಬಂದಿತ್ತು. ಮೊದಲ ಗಂಟು, ಎರಡನೆಯದು, ಒಂದೂ ತಪ್ಪಿರಲಿಲ್ಲ. ಗುಂಡಿ ಒತ್ತಿದಷ್ಟು ಹೊತ್ತೂ ಕ್ಯಾಮೆರಾ ತೆಗೆಯುತ್ತಲೇ ಇರುತ್ತದೆ, ಬೆರಳು ತೆಗೆಯದೆ ಕೂಗಿದ್ದರಿಂದ ಆ ಹೊತ್ತಿನದೂ ಬಂದಿತ್ತು. ಮಂಟಪವಿಡೀ ಕ್ಯಾಮೆರಾದ ಕಡೆ ತಿರುಗಿತ್ತು. ಸಿಟ್ಟಿನ ಮುಖಗಳು, ಗಾಬರಿಯ ಮುಖಗಳು. ಅವುಗಳ ನಡುವೆ ಹೆಣ್ಣು ಬಾಸಿಂಗ ಅಲುಗುವಂತೆ ನಗುತ್ತಿದ್ದಳು. ಅವಳ ಬೆನ್ನ ಹಿಂದೆ ಅವಳ ಅಜ್ಜಿ, ಮೊಮ್ಮಗಳ ನಗು ನೋಡಿ ತಾವೂ ನಗುತ್ತಿದ್ದರು, ಬಾಯಿತುಂಬ.

ಅಣ್ಣ ತಾಳಿಯ ಚಿತ್ರಗಳನ್ನು ನೋಡಿ ಸಮಾಧಾನದ ಉಸಿರು ಬಿಟ್ಟರು. ಉಳಿದವನ್ನು ತೋರಿಸಿ, “ಇವ್ನ ಅಳ್ಸಾಕ್ಬುಡವ್ವಾ. ಯಾರೂ ನೋಡ್ದಂಗೆ” ಎಂದರು. ಆಲ್ಬಂ ಕೊಡುವವರೆಗೆ ಯಾವುದನ್ನೂ ಅಳಿಸಬಾರದು ಎಂದು ಅವರೇ ಕಲಿಸಿದ್ದರು. ಹಾಗೇ ಇಟ್ಟೆ.

ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಒಪ್ಪಿಕೊಂಡಿದ್ದ ಕೆಲವು ಮದುವೆಗಳು ಕೈಬಿಟ್ಟವು. ಬಂದವರೂ, “ಮೇಡಂ, ನೀವೊಬ್ರೇ ಬನ್ನಿ ಸಾಕು” ಎನ್ನುತ್ತಿದ್ದರು. ಅಣ್ಣ ಸ್ಟುಡಿಯೋದಲ್ಲಿ ಕುಳಿತು ಆಧಾರಿಗೆ, ಬ್ಯಾಂಕಿಗೆ ಬೇಕಾದ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದುಕೊಂಡಿದ್ದರು. ಹೊಸ ಕ್ಯಾಮೆರಾದಲ್ಲಿ ಶಟರ್ ಬಡಿದು ಸದ್ದು ಬರುವಂತೆ ಮಾಡಿಕೊಟ್ಟೆ. ಕೆನ್ನೆಗೆ ಹಿಡಿದು ನೋಡಿದರು. “ಇರುವೆ ಅರಿದಾಡ್ದಂಗದೆ” ಎಂದು ಕೆಳಗಿಟ್ಟರು. ಹಳೆಯದಕ್ಕೆ ಶಟರ್ ಬಂದು ಹಾಕಿಸಿದ ಮೇಲೂ ಅದನ್ನು ಮದುವೆಗೆ ಒಯ್ಯಲಿಲ್ಲ. ಊಟದ ಡಬ್ಬಿ ಎಷ್ಟೋ ದಿನ ತೆರೆಯದೆ ಮನೆಗೆ ವಾಪಸು ಹೋಗುತ್ತಿತ್ತು ಎಂದು ಅತ್ತಿಗೆ ನನ್ನ ಹತ್ತಿರ ಹೇಳಿ ಕಣ್ಣೊರೆಸಿಕೊಂಡರು.

ಹೀಗಿರುವಾಗ ಒಂದು ಬೆಳಿಗ್ಗೆ ಆ ಹೆಣ್ಣಿನ ತಂದೆ ಸ್ಟುಡಿಯೋಗೆ ಬಂದರು. ತಲೆ ಬೋಳಿಸಿದ್ದರು. ತಾಯಿ ತೀರಿಕೊಂಡಿದ್ದರು, ಮಂಟಪದಲ್ಲಿ ನಕ್ಕಿದ್ದ ಅದೇ ಅಜ್ಜಿ. ಗೋಡೆಗೆ ಹಾಕಲು ಒಂದು ಫೋಟೋ ಬೇಕಿತ್ತು.

“ನಮ್ಮವ್ವ ಫೋಟೋ ಅಂದ್ರೆ ಸೆರಗ ಬಾಯಿಗ್ ಅಡ್ಡ ಇಟ್ಕಳೋಳು. ಇರೋದ್ರಲ್ಲೆಲ್ಲ ಮುಖ ಗಂಟಿಕ್ಕವ್ಳೆ. ಮದುವೇದ್ರಲ್ಲಿ ಏನಾದ್ರೂ ಸಿಕ್ತದಾ ನೋಡಿ ಮೇಡಂ” ಎಂದರು.

ನಾನು ಅಣ್ಣನ ಕಡೆ ನೋಡಿದೆ. ನಾನು ಅಳಿಸಿಲ್ಲವೆಂದು ಅವರಿಗೆ ಅರ್ಥವಾಯಿತು. ಬೇಡ ಎನ್ನುವಂತೆ ತಲೆಯಾಡಿಸಿದರು. ಆಮೇಲೆ ಆ ಬೋಳು ತಲೆಯನ್ನು ನೋಡಿ ಏನನ್ನಿಸಿತೋ, ತಾವೇ ಎದ್ದು ಬಂದು ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಅವರಿಗೆ ಎಳೆದುಕೊಟ್ಟರು.

ಆ ಚಿತ್ರ ತೆರೆದೆ. ಅವರು ಬಹಳ ಹೊತ್ತು ನೋಡಿದರು. ಮಗಳ ನಗು, ತಾಯಿಯ ನಗು, ಪಕ್ಕದಲ್ಲಿ ಸಿಟ್ಟಿನಿಂದ ಕೆಂಪಾದ ಅವರದೇ ಮುಖ. ಕೊನೆಗೆ ಹೆಗಲ ಮೇಲಿನ ಟವಲಿನಿಂದ ಕಣ್ಣೊತ್ತಿಕೊಂಡರು. ಅಣ್ಣನ ಎದುರಿಗೆ ಬಂದು, ಬಾಯಿ ಕಾಣುವಂತೆ ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು:

“ತಿಥಿಗೆ ಬನ್ನಿ. ಫೋಟೋ ತೆಗೀಬೇಕು. ಮೇಡಮ್ಮೋರ್ ಒಬ್ರೇ ಬ್ಯಾಡ. ನೀವೇ ಬರ್ಬೇಕು.”

ಅಣ್ಣ ಅವರ ಎರಡೂ ಕೈ ಹಿಡಿದುಕೊಂಡರು.

ತಿಥಿಯ ದಿನ ರಾಮನಾಥಪುರದ ದಾರಿಯಲ್ಲಿದ್ದ ಆ ಮನೆಗೆ ಹೋದೆವು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಘಾಟು ಅಂಗಳದಲ್ಲೆಲ್ಲ ತುಂಬಿತ್ತು. ಅಣ್ಣ ಮಿರರ್‌ಲೆಸ್ಸನ್ನೇ ತಂದಿದ್ದರು, ಸದ್ದು ಆರಿಸಿಕೊಂಡು. ಕಣ್ಣಿಟ್ಟು ನೋಡುವ ಕಿಂಡಿಯ ಮೂಲೆಯಲ್ಲಿ ಇನ್ನೆಷ್ಟು ಚಿತ್ರಕ್ಕೆ ಜಾಗವಿದೆ ಎಂದು ತೋರಿಸುವ ಅಂಕಿ ಇರುತ್ತದೆ, ಅದು ಇಳಿದರೆ ಚಿತ್ರ ಬಂದಿತೆಂದು ಅರ್ಥ. ಸ್ಟುಡಿಯೋದಲ್ಲಿ ಕುಳಿತ ಆ ತಿಂಗಳುಗಳಲ್ಲಿ ಅವರೇ ಅದನ್ನು ಕಂಡುಕೊಂಡಿದ್ದರಂತೆ. ಯಾರಿಗೂ ಹೇಳಿರಲಿಲ್ಲ, ನನಗೂ. ಎಡೆಯ ಮುಂದೆ ಕುಳಿತು ಅಳುತ್ತಿದ್ದ ಮೊಮ್ಮಗಳು ಒಂದು ಸಲವೂ ತಲೆಯೆತ್ತಲಿಲ್ಲ. ಅಣ್ಣ ಅಲ್ಲಿದ್ದಾರೆಂದೇ ಅವಳಿಗೆ ತಿಳಿಯಲಿಲ್ಲ.

ವಾಪಸು ಬರುವಾಗ, “ಸದ್ದಿಲ್ದಿರೋದೂ ಒಂದೊಂದ್ ಕಡೆ ಒಳ್ಳೇದೇ ಕಣವ್ವಾ” ಎಂದರು. ಅವರು ಹೊಸ ಕ್ಯಾಮೆರಾದ ಬಗ್ಗೆ ಆಡಿದ ಒಳ್ಳೆಯ ಮಾತು ಅದೊಂದೇ.

ಆಮೇಲೆ ಮದುವೆಗಳು ಮತ್ತೆ ಬಂದವು. ಹಿಂದಿನಷ್ಟಲ್ಲ. ಈಗ ಮುಚ್ಚಿಡುವುದೇನೂ ಇರಲಿಲ್ಲ, ಜನ ಅವರ ಎದುರಿಗೆ ಬಂದು ನಿಂತು ಮಾತಾಡುತ್ತಿದ್ದರು. ಆ ಕೊನೆಯ ವರ್ಷಗಳಲ್ಲಿ ಅಣ್ಣ ಹೆಚ್ಚು ನಗುತ್ತಿದ್ದರೆಂದು ನನಗೆ ನೆನಪು...

ಹೋದ ವರ್ಷ ಅಣ್ಣ ಹೋದರು. ಮಧ್ಯಾಹ್ನ ಹಜಾರದ ಕುರ್ಚಿಯಲ್ಲಿ ಕುಳಿತವರು ಕುಳಿತಂತೆಯೇ. ನಾನು ಹೋದಾಗ ಅತ್ತಿಗೆ ನನ್ನ ಕೈ ಹಿಡಿದು ಹೇಳಿದರು:

“ಉಣ್ಣಾಕ್ ಬನ್ನಿ ಅಂತ ಒಳಗಿಂದ ಕೂಗ್ದೆ ಕಣವ್ವಾ. ತಿರುಗ್ನಿಲ್ಲ. ಯಾವತ್ತೂ ತಿರುಗ್ತಿರ್ನಿಲ್ವಲ್ಲ, ಬತ್ತಾರೆ ಅಂತ ಸುಮ್ಕೆ ಕುಂತಿದ್ದೆ. ಮುದ್ದೆ ಆರೋಯ್ತು...”

ಈಗ ಹೆಣ್ಣಿನ ಕೋಣೆಯೂ ನನ್ನದೇ, ಮಂಟಪವೂ ನನ್ನದೇ. ಹೋದ ವಾರ ಅರಕಲಗೂಡಿನಲ್ಲಿ ಒಂದು ಮದುವೆ ಇತ್ತು. ಕೆಲಸ ಮುಗಿಸಿ ಕೊನೆಯ ಪಂಕ್ತಿಯಲ್ಲಿ ಕುಳಿತೆ. ಎಲೆ ಹಾಕುತ್ತಾ ಬಂದ ಅಡುಗೆಯವರು ನನ್ನ ಗುರುತು ಹಿಡಿದು, “ನಿಮ್ಮಣ್ಣಾವ್ರು ಎಲ್ಲಿ ಮೇಡಂ? ಇಲ್ಲೇ ಪಕ್ಕಕ್ಕೆ ಹಾಕ್ಬುಡ್ಲಾ?” ಎಂದರು. ಇಲ್ಲ, ಅವರಿಲ್ಲ ಎಂದೆ. ಆ ಗದ್ದಲದಲ್ಲಿ ಅಡುಗೆಯವರಿಗೆ ಕೇಳಿಸಲಿಲ್ಲ. ಎಲೆ ಹಾಕಿ ಮುಂದೆ ಹೋದರು. ಹಿಂದೆ ಬಂದವರು ಉಪ್ಪು, ಉಪ್ಪಿನಕಾಯಿ ಬಡಿಸಿದರು, ಕೋಸಂಬರಿ ಬಡಿಸಿದರು. ನಾನೂ ತಡೆಯಲಿಲ್ಲ. ಊಟ ಮುಗಿಸಿ ಏಳುವಾಗ ಆ ಎಲೆಯನ್ನೂ ನಾನೇ ಮಡಚಿ ಎದ್ದು ಬಂದೆ.